ಸವಿ ಮಟಕಿಯ ಹೊಲದಲ್ಲಿ ಇಳಿದ ಎಳ್ಳ ಅಮಾವಾಸ್ಯೆ

ಹೋದ ವಾರ ಜೇವರ್ಗಿಯ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಯಾರೋ ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸಿ ಡಬ್ಬಿ ತುಂಬ ತಂದಿದ್ದರು. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಕೋಣೆಯೆಲ್ಲ ಹರಡಿತು. ಎಲ್ಲರೂ ಖುಷಿಯಿಂದ ಕೈ ಹಾಕಿದರು. ನಾನು ಎದ್ದು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. ಈ ವರ್ಷವೇ ವರ್ಗವಾಗಿ ಬಂದ ಗಣಿತದ ಟೀಚರ್ ಹಿಂದೆಯೇ ಬಂದು, “ಯಾಕ್ರಿ ಮೇಡಂ, ಆರಾಮಿಲ್ಲೇನ್ರಿ?” ಎಂದು ಕೇಳಿದರು. “ಏನಿಲ್ರಿ, ಸುಮ್ನ ಗಾಳಿಗೆ ಬಂದೆ” ಎಂದೆ. ಹಸಿ ತೊಗರಿಯ ವಾಸನೆ ಬಂದರೆ ಸಾಕು, ಅದರ ಜೊತೆಗೆ ಪೆಟ್ರೋಲಿನ ವಾಸನೆಯೂ ನನ್ನ ಮೂಗಿಗೆ ಬರುತ್ತದೆ ಎಂದು ಅವರಿಗೆ ಹೇಗೆ ಹೇಳಲಿ? ಆ ಎರಡೂ ವಾಸನೆಗಳು ಬೆರೆತ ಹೊಲದಲ್ಲಿ ನನ್ನ ತಂಗಿಯನ್ನು ನಾನು ಕಡೆಯ ಸಲ ನೋಡಿದ್ದು.

ನಮ್ಮದು ಆಳಂದ. ಖಜೂರಿಯ ಕಡೆಗೆ ಹೋಗುವ ರಸ್ತೆಗೆ ಹೊಂದಿಕೊಂಡು ಅಪ್ಪನ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು. ಮಹಾರಾಷ್ಟ್ರಕ್ಕೆ ಹೋಗುವ, ಅಲ್ಲಿಂದ ಬರುವ ಲಾರಿಗಳವರೆಲ್ಲ ಅಪ್ಪನಿಗೆ ಗೊತ್ತು. ಅವರ ಬಾಯಲ್ಲಿ ಅಪ್ಪ ‘ಗುಂಡಪ್ಪ ಸಾವ್ಕಾರ’. ಯಾರು ಏನೇ ಕೇಳಿಕೊಂಡು ಬಂದರೂ ಅಪ್ಪನ ಮೊದಲ ಮಾತು ಒಂದೇ: “ಅಸಲಿ ಕೊಡ್ಲ್ಯೋ, ಡುಪ್ಲಿಕೇಟ್ ಕೊಡ್ಲ್ಯೋ?” ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಒಂದು ಗೋಡೆಗೆ ಅಸಲಿ, ಎದುರಿನ ಗೋಡೆಗೆ ಡುಪ್ಲಿಕೇಟ್. ಡುಪ್ಲಿಕೇಟನ್ನು ಅಸಲಿ ಎಂದು ಹೇಳಿ ಅಪ್ಪ ಯಾರಿಗೂ ಮಾರಿದವನಲ್ಲ. ಬ್ರೇಕಿನ ಸಾಮಾನಾದರೆ, “ಇದೊಂದು ಅಸಲಿ ಹಾಕ್ಸೋ ಮಾರಾಯಾ” ಎಂದು ಒತ್ತಾಯ ಮಾಡುತ್ತಿದ್ದ. ಆದರೂ ಕೇಳದಿದ್ದರೆ ಕೇಳಿದ್ದನ್ನೇ ಕಟ್ಟಿಕೊಡುತ್ತಿದ್ದ. ಆ ರಸ್ತೆಯ ಅಂಗಡಿಗಳೆಲ್ಲ ನಡೆಯುತ್ತಿದ್ದುದೇ ಹಾಗೆ.

ಸವಿತಾ ನನಗಿಂತ ಬಹಳ ಚಿಕ್ಕವಳು. ಮನೆಯಲ್ಲಿ ಸವಿ. ಶಾಲೆ ಬಿಟ್ಟರೆ ನೇರ ಅಂಗಡಿಗೆ ಬಂದು, ಗ್ರೀಸ್ ಮೆತ್ತಿದ ಬೇರಿಂಗುಗಳನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತ ಕೂಡುತ್ತಿದ್ದಳು. ಅವ್ವ ಬೈಯುವಳು, ಅಪ್ಪ ನಗುವನು. ಪಿಯುಸಿ ಮುಗಿದ ಮೇಲೆ ಆಕೆ, ನಾನು ವಿಮಾನ ಹಾರಿಸುವುದನ್ನು ಕಲಿಯುತ್ತೇನೆ ಎಂದಾಗ ಅವ್ವ ಎರಡು ಹೊತ್ತು ಊಟ ಬಿಟ್ಟಳು. ಅವ್ವನನ್ನು ಒಪ್ಪಿಸಿದವನು ಅಪ್ಪ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವನು ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ.

“ನೋಡು, ಲಾರಿಯೊಳಗ ಸಾವಿರ ಮೋಸ ನಡೀತಾವ. ನಾ ದಿನಾ ನೋಡಾಕತ್ತೇನಿ. ವಿಮಾನದಾಗ ನಡ್ಯಂಗಿಲ್ಲ. ಅಲ್ಲಿ ಒಂದು ನಟ್ ಹಾಕಬೇಕಂದ್ರೂ ಅದು ಎಲ್ಲಿ ತಯಾರಾತು, ಯಾರ ಕೈಯಾಗ ಹಾದು ಬಂತು, ಎಲ್ಲಾ ನೋಡೇ ಹಾಕ್ತಾರ. ಡುಪ್ಲಿಕೇಟ್ ಅನ್ನೂ ಮಾತೇ ಇಲ್ಲ ಅಲ್ಲಿ. ನನ್ನ ಮಗಳು ಲಾರಿ ಹತ್ತಿದ್ರ ನಾ ಅಂಜತಿದ್ದೆ. ವಿಮಾನ ಹತ್ತಿದ್ರ ಅಂಜಂಗಿಲ್ಲ.”

ಅವ್ವ ಅವನ ಮಾತು ನಂಬಿದಳು. ಸವಿ ಗಡಿಯಾಚೆ ಮಹಾರಾಷ್ಟ್ರದ ಒಂದು ವಿಮಾನ ತರಬೇತಿ ಶಾಲೆಗೆ ಸೇರಿದಳು.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ತೊಗರಿ ಆಳೆತ್ತರ ಬೆಳೆದು ನಿಂತಿತ್ತು. ನಾನು ಆಗ ಅಫಜಲಪುರದ ಶಾಲೆಯಲ್ಲಿದ್ದೆ. ಚಳಿ ಬಿದ್ದ ಮೇಲೆ ಸವಿ ಒಬ್ಬಳೇ ದೂರದ ಹಾರಾಟಕ್ಕೆ ಹೊರಡಲು ಶುರುಮಾಡಿದಳು. ಆಳಂದದ ಮೇಲೆ ಹಾದು ಹೋಗುವ ದಿನ ಬೆಳಿಗ್ಗೆಯೇ ಫೋನ್ ಮಾಡಿ ಹೇಳುವಳು. ಅವ್ವ ಸೆರಗು ಬಿಗಿದುಕೊಂಡು ಮಾಳಿಗೆ ಹತ್ತಿ ನಿಲ್ಲುವಳು. ಅಕ್ಕಪಕ್ಕದ ಹೆಂಗಸರೂ ಬರುವರು. “ಅಗೋ ಬಂದ್ಳು ನಿಂಗಮ್ಮನ ಮಗಳು” ಎಂದು ಅವರು ಕೂಗಿದರೆ ಅಂಗಡಿಯಿಂದ ಅಪ್ಪನೂ ರಸ್ತೆಗೆ ಬಂದು ಕತ್ತೆತ್ತುವನು. ಆ ಪುಟ್ಟ ಬಿಳಿ ವಿಮಾನ ಬಿಸಿಲಲ್ಲಿ ಒಮ್ಮೆ ಮಿಂಚಿ ಮರೆಯಾದ ಮೇಲೂ ಲಾರಿಯವರು ಅಪ್ಪನಿಗೆ ಕೈಕುಲುಕಿ ಚಹಾ ಕುಡಿಸುವರು.

ಎಳ್ಳ ಅಮಾವಾಸ್ಯೆಗೆ ಸ್ವಲ್ಪ ಮೊದಲು ಸವಿ ಊರಿಗೆ ಬಂದಿದ್ದಳು. ನಾನೂ ಬಂದಿದ್ದೆ. ಊಟಕ್ಕೆ ಕೂತಾಗ ಹೇಳಿದಳು, ತಾನು ಹಾರಿಸುವ ವಿಮಾನದ ಇಂಜಿನ್ ಒಂದು ದಿನ ನಡುಗಿದ ಹಾಗೆ ಅನ್ನಿಸಿತಂತೆ. ಜೊತೆಯವರು ಇಷ್ಟು ಸಹಜ ಎಂದರೂ ಈಕೆ ಬಿಡದೆ ಹೋಗಿ ಹೇಳಿದ್ದಾಳೆ. ಬಿಚ್ಚಿ ನೋಡಿದರೆ ಇಂಜಿನ್ನಿನ ವಾಲ್ವ್ ಒಂದು ಸವೆದಿತ್ತು.

“ಮತ್ತ?” ಎಂದ ಅಪ್ಪ, ಕೈಯಲ್ಲಿ ತುತ್ತು ಹಿಡಿದು.

“ಮತ್ತೇನು, ಹೊಸಾದು ಹಾಕ್ಯಾರ.”

“ಎಲ್ಲಿಂದ ತಂದಾರ?”

ಸವಿ ಜೋರಾಗಿ ನಕ್ಕಳು. “ಅಪ್ಪಾ, ಅದು ನಿನ್ನ ಅಂಗಡಿ ಅಲ್ಲ. ಅಸಲಿ ಬೇಕೋ ಡುಪ್ಲಿಕೇಟ್ ಬೇಕೋ ಅಂತ ಯಾರೂ ಕೇಳಂಗಿಲ್ಲ ಅಲ್ಲಿ.”

ಅಪ್ಪನೂ ನಕ್ಕ. ಅವ್ವ ಆಕೆಯ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿದಳು. ನಾವೆಲ್ಲ ಒಟ್ಟಿಗೆ ಕೂತು ಉಂಡ ಕಡೆಯ ಊಟ ಅದು.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಊರಲ್ಲಿ ಯಾರೂ ಉಳಿಯುವುದಿಲ್ಲ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ನಾವು ನಿಂಬರ್ಗಾದ ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಸವಿಯ ಶಾಲೆಗೆ ರಜೆ ಇರಲಿಲ್ಲ. ಮುಂಜಾನೆ ಫೋನ್ ಮಾಡಿ, “ಯವ್ವಾ, ಇವತ್ತು ನಾ ನಿಮ್ಮ ಮ್ಯಾಲಿಂದಾನೆ ಹೊಂಟೇನಿ. ಹೊಲದಾಗ ಎಲ್ಲಾರೂ ಕೂಡಿ ಕೈ ಮಾಡ್ರಿ” ಎಂದಿದ್ದಳು.

ಹೊಲದ ಸುತ್ತ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬಂದು ನಾವು ಊಟಕ್ಕೆ ಕೂತಿದ್ದೆವು. ಆಗ ಸದ್ದು ಕೇಳಿಸಿತು. ಎಲ್ಲರೂ ಎದ್ದರು. ಅವ್ವ ಎರಡೂ ಕೈ ಎತ್ತಿ ಬೀಸಿದಳು. ಅಪ್ಪ ತಲೆಯ ಮೇಲಿನ ಟವೆಲ್ ತೆಗೆದು ಬೀಸುತ್ತ ಬದುವಿನ ತನಕ ಓಡಿದ. ಚುಕ್ಕೆಯಷ್ಟಾಗಿ ಕಾಣದಾಗುವವರೆಗೂ ನೋಡಿದೆವು. ಮತ್ತೆ ಊಟಕ್ಕೆ ಕೂತೆವು. ಅವ್ವ ಹೋಳಿಗೆ ಬಡಿಸುತ್ತಿದ್ದಳು. ಮಾವನಿಗೆ ಯಾರದೋ ಫೋನ್ ಬಂತು. “ಮಟಕ್ಯಾಗ ವಿಮಾನ ಬಿದ್ದದಂತ” ಎಂದ ಮಾವ. ಹಾಗೆಂದವನು ನಮ್ಮ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಅಲ್ಲಿಂದ ಮಟಕಿ ಎಂಬ ಆ ಹಳ್ಳಿ ಮುಟ್ಟುವವರೆಗೂ ಅಪ್ಪ, “ಇಳಿಸಿರ್ತಾಳ, ಅಕಿ ಇಳಿಸಿರ್ತಾಳ” ಎಂದೇ ಹೇಳುತ್ತಿದ್ದ. ಇಳಿಸಿದ್ದಳು ನಿಜ. ತೊಗರಿ ಹೊಲದಲ್ಲಿ ದೊಡ್ಡ ಬೈತಲೆಯ ಹಾಗೆ ದಾರಿ ಬಿದ್ದಿತ್ತು. ಕಾಯಿ ತುಂಬಿದ ಗಿಡಗಳು ಅಡ್ಡಡ್ಡ ಮಲಗಿದ್ದವು. ಆ ದಾರಿಯ ಕೊನೆಗೆ ಒಂದು ಒಡ್ಡು. ಒಡ್ಡಿಗೆ ಬಡಿದು ವಿಮಾನ ಮಗುಚಿತ್ತು. ಸವಿಯನ್ನು ಅಷ್ಟು ಹೊತ್ತಿಗೆ ಹೊರಗೆ ತೆಗೆದು ಬದುವಿನ ಮೇಲೆ ಹಾಸಿದ ಕೌದಿಯ ಮೇಲೆ ಮಲಗಿಸಿದ್ದರು. ಆ ಹೊಲದ ಒಡತಿ ಕಾಶಿಬಾಯಿ ಎಂಬ ಮುದುಕಿ ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಮ್ಮನ್ನು ನೋಡಿದರೂ ಏಳಲಿಲ್ಲ.

“ಜೀವ ಇತ್ತು ತಾಯಿ, ತೆಗಿಯೂ ಮುಂದ ಜೀವ ಇತ್ತು” ಎಂದಳು ಅವ್ವನಿಗೆ. “ಬಾಯಾಗ ನೀರು ಬಿಟ್ಟೆ. ಒಂದು ಗುಟುಕು ಇಳೀತು. ಕಣ್ಣು ತೆರದು ‘ಹುಡುಗ್ರು ಎಲ್ಲಿ’ ಅಂದ್ಳು. ಎಲ್ಲಾ ಆರಾಮ ಅದಾವವ್ವ ಅಂದೆ. ಆಮ್ಯಾಲ ಮಾತಾಡ್ಲಿಲ್ಲ.”

ಯಾವ ಹುಡುಗರು ಎಂದು ನಮಗೆ ಆಗ ತಿಳಿಯಲಿಲ್ಲ. ಅವ್ವ ಕೌದಿಯ ಅಂಚಿಗೆ ಕೂತು ಸವಿಯ ಕೂದಲಲ್ಲಿ ಸಿಕ್ಕಿಕೊಂಡ ತೊಗರಿ ಎಲೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಆಳಂದದ ಸರಕಾರಿ ಆಸ್ಪತ್ರೆಯ ಗಾಡಿ ಬರುವವರೆಗೂ ಅದನ್ನೇ ಮಾಡುತ್ತಿದ್ದಳು. ಸುತ್ತ ಜನ, ಪೊಲೀಸರು. ಹರಿದ ಟ್ಯಾಂಕಿನಿಂದ ಸೋರಿದ ಪೆಟ್ರೋಲು, ಜಜ್ಜಿಹೋದ ಹಸಿಕಾಯಿ. ಬೆಂಕಿ ಹತ್ತೀತೆಂದು ಪೊಲೀಸರು ಎಲ್ಲರನ್ನೂ ಹಿಂದೆ ತಳ್ಳುತ್ತಿದ್ದರು. ಅಪ್ಪ ಮಾತ್ರ ಮಗುಚಿದ ವಿಮಾನದ ಹತ್ತಿರ ನಿಂತು ಅದರ ಇಂಜಿನ್ನನ್ನೇ ನೋಡುತ್ತಿದ್ದ.

ಮಣ್ಣು ಮಾಡಿ ಬಂದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ತಪ್ಪು ಹುಡುಗಿಯದೇ ಎಂದು ತರಬೇತಿ ಶಾಲೆಯವರು ಹೇಳಿದರೆಂದು ಟಿವಿಯಲ್ಲಿ ಬಂತು. ತೊಗರಿ ಹೊಲದ ಪಕ್ಕದಲ್ಲೇ ಬಯಲು ಹೊಲವಿತ್ತು. ಇಂಜಿನ್ ನಿಂತರೆ ಬಯಲಿನಲ್ಲಿ ಇಳಿಸಬೇಕು ಎಂದೇ ಕಲಿಸಿರುತ್ತಾರೆ. ಈಕೆ ಗಾಬರಿಯಾಗಿ ಬೆಳೆಯೊಳಗೆ ನುಗ್ಗಿಸಿದಳು ಎಂದರು. ಮಾತಾಡಿಸಲು ಬಂದವರೂ ಅದನ್ನೇ ಬೇರೆ ಬೇರೆ ರೀತಿ ಹೇಳಿ ಹೋದರು. “ಹೆಣ್ಣುಮಗಳು, ಅಂಜಿರಬೇಕು ಬಿಡ್ರಿ” ಎಂದು ಒಬ್ಬರು ಸಮಾಧಾನ ಹೇಳಿದಾಗ ಅಪ್ಪ ಎದ್ದು ಒಳಗೆ ಹೋಗಿಬಿಟ್ಟ.

ಆ ಮಾತು ಮಟಕಿಗೂ ಮುಟ್ಟಿತ್ತು. ದೆಹಲಿಯಿಂದ ತನಿಖೆಗೆ ಬಂದ ಅಧಿಕಾರಿ ಹೊಲದಲ್ಲಿ ಅಳತೆ ಹಿಡಿಸುತ್ತಿದ್ದಾಗ ಕಾಶಿಬಾಯಿ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಅವರ ಮುಂದೆ ಹೋಗಿ ನಿಂತಳು. ನಾನೂ ಅಪ್ಪನೂ ಅಂದು ಅಲ್ಲೇ ಇದ್ದೆವು. ಆಕೆಯ ಕನ್ನಡವನ್ನು ಅವರಿಗೆ ಹಿಂದಿಯಲ್ಲಿ ಹೇಳಿದವಳು ನಾನೇ.

“ಸಾಹೇಬ್ರ, ಬಯಲು ಇತ್ತು ಖರೆ. ಬಯಲಾಗ ನಾವು ಕುಂತಿದ್ವಿ. ಅಮಾಸಿ ಊಟಕ್ಕ ಇಡೀ ಓಣಿ ಅಲ್ಲೇ ಇತ್ತು. ಬಂಡಿ, ಎತ್ತು, ಹಾಲ ಕುಡಿಯೂ ಕೂಸು. ವಿಮಾನ ಮೊದಲು ನಮ್ಮ ಕಡಿಗೇನ ಬಂತು. ಸಪ್ಪಳಿಲ್ಲ, ಸುಮ್ನ ಇಳಕೋತ ಬಂತು. ಹುಡುಗ್ರು ನೋಡಾಕ ಅಂತ ಅದರ ಕಡಿಗೇ ಓಡಿದ್ವು. ಅಕಿ ನೋಡಿದ್ಳ್ರಿ. ನೋಡೇ ಹೊಳ್ಳಿಸಿದ್ಳು. ನನ್ನ ತೊಗರ್ಯಾಗ ಇಳಿದ್ಳು. ಅಕಿ ಅಂಜಿದ್ಳು ಅಂತ ಯಾರ್ ಅಂತಾರ, ನನ್ನ ಮುಂದ ಬಂದು ಅನ್ಲಿ.”

ಅಧಿಕಾರಿ ಸ್ವಲ್ಪ ಹೊತ್ತು ಬಯಲನ್ನೂ ತೊಗರಿಯನ್ನೂ ನೋಡಿದರು. ಆಮೇಲೆ ತಮ್ಮ ಟೋಪಿ ತೆಗೆದು ಅಪ್ಪನ ಹತ್ತಿರ ಬಂದು ಅವನ ಭುಜದ ಮೇಲೆ ಕೈ ಇಟ್ಟರು. ಅಪ್ಪ ನಿಂತಲ್ಲೇ ಕುಸಿದು ಕೂತ.

ತೊಗರಿ ರಾಶಿ ಮುಗಿದು ಬಿಳಿಜೋಳ ತೆನೆ ಕಟ್ಟುವ ಹೊತ್ತಿಗೆ ಅದೇ ಅಧಿಕಾರಿ ನಮ್ಮ ಮನೆಗೆ ಬಂದರು. ಇಂಜಿನ್ ಬಿಚ್ಚಿ ನೋಡಿದ್ದರು. ಹೊಸದಾಗಿ ಹಾಕಿದ್ದ ವಾಲ್ವಿನ ತಲೆ ಮುರಿದು ಒಳಗೆ ಬಿದ್ದು ಇಂಜಿನ್ ನಿಂತಿತ್ತು. ಅದು ಹೊಸದೂ ಆಗಿರಲಿಲ್ಲ, ಅದರ ಮೇಲೆ ಹೆಸರಿದ್ದ ಕಂಪನಿಯದೂ ಆಗಿರಲಿಲ್ಲ. ಎಲ್ಲೋ ತೆಗೆದು ಬಿಸಾಕಿದ್ದ ಹಳೆಯ ವಾಲ್ವು. ಅದನ್ನು ಉಜ್ಜಿ, ಮೇಲೆ ಕಂಪನಿಯ ಮುದ್ರೆ ಒತ್ತಿ, ಸುಳ್ಳು ಪ್ರಮಾಣಪತ್ರ ಜೋಡಿಸಿ ಯಾವುದೋ ದೊಡ್ಡ ಊರಿನ ವ್ಯಾಪಾರಿ ಮಾರಿದ್ದ. ಪ್ರಮಾಣಪತ್ರ ನೋಡಿ ಶಾಲೆಯವರು ನಂಬಿದ್ದರು. ಶಾಲೆಯವರನ್ನು ನಂಬಿ ನಮ್ಮ ಸವಿ ಹತ್ತಿದ್ದಳು. ಅದೇ ವ್ಯಾಪಾರಿಯಿಂದ ಬಂದ ವಾಲ್ವುಗಳು ಅವರದೇ ಬೇರೆ ವಿಮಾನಗಳಲ್ಲೂ ಇದ್ದವು. ಅವನ್ನೆಲ್ಲ ಈಗ ನೆಲದ ಮೇಲೆ ನಿಲ್ಲಿಸಿ ವಾಲ್ವು ತೆಗೆಸಿದ್ದೇವೆ, ನಿಮ್ಮ ಮಗಳಿಂದ ಬೇರೆ ಮಕ್ಕಳು ಉಳಿದರು ಎಂದರು ಅಧಿಕಾರಿ.

ಅಪ್ಪ ಆ ವಾಲ್ವನ್ನು ನೋಡಬೇಕೆಂದ. ಅವರ ಫೋನಿನಲ್ಲಿ ಅದರ ಚಿತ್ರವಿತ್ತು. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಪಾಲಿಶ್ ಚಲೋ ಮಾಡ್ಯಾರ” ಎಂದ.

ಅವರು ಹೋದ ಮೇಲೆ ಅವ್ವ ಗೋಡೆಗೆ ಒರಗಿ ಕೂತು ಹೇಳಿದಳು: “ಅಲ್ಲಿ ಡುಪ್ಲಿಕೇಟ್ ಅನ್ನೂ ಮಾತೇ ಇಲ್ಲ ಅಂದಿದ್ರಿ. ಈ ಹೊಸ್ತಿಲ ಮ್ಯಾಲೆ ಕುಂತು ಅಂದಿದ್ರಿ.” ಅಷ್ಟೇ. ಆಕೆ ಆ ಮಾತನ್ನು ಮತ್ತೆಂದೂ ಆಡಲಿಲ್ಲ. ಅಪ್ಪನೊಂದಿಗೆ ಬೇರೆ ಮಾತನ್ನೂ ಆಡಲಿಲ್ಲ. ರೊಟ್ಟಿ ಬಡಿದು ಹಾಕುವಳು, ಅವನು ತಿಂದು ಎದ್ದು ಹೋಗುವನು. ನಾನು ಶನಿವಾರ ಅಫಜಲಪುರದಿಂದ ಬಂದರೆ ಇಬ್ಬರೂ ನನ್ನೊಂದಿಗೆ ಬೇರೆ ಬೇರೆಯಾಗಿ ಮಾತಾಡುವರು.

ಅಪ್ಪ ಅಂಗಡಿ ತೆರೆಯುತ್ತಿದ್ದ, ಕೂಡುತ್ತಿದ್ದ. ಒಂದು ಶನಿವಾರ ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ಮಹಿಬೂಬ ಎಂಬ ಡ್ರೈವರ್ ಬಂದ. ನಾವು ಚಿಕ್ಕವರಿದ್ದಾಗಿನಿಂದಲೂ ಬರುತ್ತಿದ್ದವನು. ಆ ದಿನಗಳಲ್ಲಿ ಎಲ್ಲೋ ದೂರದ ಬಾಡಿಗೆಗೆ ಹೋಗಿದ್ದನೆಂದು ಕಾಣುತ್ತದೆ, ಅವನಿಗೆ ಸುದ್ದಿಯೇ ಗೊತ್ತಿರಲಿಲ್ಲ. “ಸಲಾಂ ಸಾವ್ಕಾರ್ರ, ಬ್ರೇಕ್ ಲೈನರ್ ಕೊಡ್ರಿ. ಡುಪ್ಲಿಕೇಟೇ ಕೊಡ್ರಿ, ಎರಡು ಟ್ರಿಪ್ ಹೊಡದ್ರ ಸಾಕು, ನಡೀತದ” ಎಂದ.

ಅಪ್ಪ ಎದ್ದು ಡುಪ್ಲಿಕೇಟ್ ಸಾಮಾನಿನ ಗೋಡೆಯ ಹತ್ತಿರ ಹೋದ. ಡಬ್ಬಿಗೆ ಕೈ ಹಾಕಿದವನು ಹಾಗೆಯೇ ನಿಂತುಬಿಟ್ಟ.

“ಮಹಿಬೂಬ, ಮನ್ಯಾಗ ಯಾರ್ಯಾರ್ ಅದಾರಪ?”

“ಎಲ್ಲಾ ಅದಾರ್ರಿ. ಅಮ್ಮಿ, ಬೀವಿ, ಮೂರು ಮಕ್ಕಳು. ಯಾಕ್ರಿ?”

ಅಪ್ಪ ಡಬ್ಬಿಗೆ ಹಣೆ ಹಚ್ಚಿ ಅಳತೊಡಗಿದ. ಮಗಳು ಸತ್ತ ದಿನವೂ ಅಷ್ಟು ದನಿ ತೆಗೆದು ಅತ್ತಿರಲಿಲ್ಲ. ಮಹಿಬೂಬ ಗಾಬರಿಯಾಗಿ ನನ್ನ ಕಡೆ ನೋಡಿದ. ನಾನು ಎರಡು ಮಾತಿನಲ್ಲಿ ಹೇಳಿದೆ. ಅವನು “ಯಾ ಅಲ್ಲಾ” ಎಂದು ಕಟ್ಟೆ ದಾಟಿ ಒಳಗೆ ಬಂದು ಅಪ್ಪನನ್ನು ಅವಚಿ ಹಿಡಿದ.

“ನಾನೂ ಇದನ್ನೇ ಮಾರೇನಿ” ಎನ್ನುತ್ತಿದ್ದ ಅಪ್ಪ. “ಇಷ್ಟು ವರ್ಷ ಮಾರೇನಿ. ತಗೊಂಡು ಹೋದವರು ಎಲ್ಲಿ ಹೋದ್ರು, ಅವರ ಲಾರಿ ಯಾರ ಮ್ಯಾಲೆ ಹೋತು, ನಾ ಎಂದಾದ್ರೂ ಕೇಳೇನೇನು?”

“ನೀವು ಹೇಳೇ ಕೊಡ್ತಿದ್ರಿ ಸಾವ್ಕಾರ್ರ. ನಾವು ಗೊತ್ತಿದ್ದೇ ಒಯ್ತಿದ್ವಿ. ಅವರು ಸುಳ್ಳು ಹೇಳ್ಯಾರ್ರಿ” ಎಂದ ಮಹಿಬೂಬ. ಅವನೂ ಅಳುತ್ತಿದ್ದ.

“ನಾ ನಿನಗ ಹೇಳ್ತಿದ್ದೆ. ನಿನ್ನ ಲಾರಿ ಮುಂದ ರಸ್ತಾ ದಾಟೂ ಹುಡುಗ್ರಿಗೆ ಯಾರು ಹೇಳ್ತಿದ್ರು?”

ಆ ವಾರವೇ ಅಪ್ಪ ಆ ಗೋಡೆಯ ಸಾಮಾನೆಲ್ಲ ಇಳಿಸಿ ಟೆಂಪೋದಲ್ಲಿ ಹೇರಿಸಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದ. ಹಾಗೇ ಗುಜರಿಗೆ ಹಾಕಿದರೆ ಯಾರಾದರೂ ಉಜ್ಜಿ ಮತ್ತೆ ಮಾರಿಯಾರು ಎಂದು, ಒಂದೊಂದನ್ನೂ ತನ್ನ ಕಣ್ಣೆದುರೇ ಎರಡು ತುಂಡು ಮಾಡಿಸಿದ. ಅಕ್ಕಪಕ್ಕದ ಅಂಗಡಿಯವರು, ಗುಂಡಪ್ಪನಿಗೆ ತಲೆ ಕೆಟ್ಟಿದೆ ಎಂದರು. ಕೆಲವರು ಮುಖ ಗಂಟಿಕ್ಕಿಕೊಂಡರು. ಇನ್ನು ಕೇಳಿದವರಿಗೆ ಅಸಲಿ ಒಂದೇ. ಬರುವವರು ಕಡಿಮೆಯಾದರು. ಅಪ್ಪ ರಸ್ತೆ ನೋಡುತ್ತ ಕೂಡುತ್ತಿದ್ದ. ಆ ವ್ಯಾಪಾರಿಯ ಮೇಲಿನ ಕೇಸು ಇನ್ನೂ ನಡೆಯುತ್ತಲೇ ಇದೆ.

ಬೇಸಿಗೆಯ ಬಾಯಿಗೆ ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೆಸರು ಅಶ್ವಿನಿ, ಸವಿಯ ಜೊತೆಗೆ ಕಲಿಯುತ್ತಿದ್ದವಳು. ಅಕ್ಕಲಕೋಟದ ಕಡೆಯವಳು, ಮನೆಮಾತು ಕನ್ನಡ. ಅದೇ ತರಹದ ವಾಲ್ವು ಇದ್ದ ಇನ್ನೊಂದು ವಿಮಾನವನ್ನು ಸವಿ ಹೋದ ಮರುದಿನ ಈಕೆ ಹಾರಿಸಬೇಕಿತ್ತಂತೆ. ಅಷ್ಟು ಹೇಳಿ ಅವ್ವನ ಕಾಲು ಹಿಡಿದು ಬಿಕ್ಕಿದಳು. ಅವ್ವ ಎಬ್ಬಿಸಿ ಕೂಡಿಸಿದಳು, ಸೆರಗಿನಿಂದ ಮುಖ ಒರೆಸಿದಳು, ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದಳು. ಅಪ್ಪ ಅಂಗಡಿ ಮುಚ್ಚಿ ಬಂದ. ಅವ್ವ ಸುಡುಸುಡು ರೊಟ್ಟಿ ಹಾಕುತ್ತ ಆಕೆಯ ಮುಂದೆಯೇ ಕೂತಳು.

“ಈಗೂ ಹಾರಿಸ್ತಿ?”

“ಹೌದ್ರಿ ಅಮ್ಮಾ. ಬ್ಯಾರೆ ಕಡೆ ಸೇರೇನ್ರಿ.”

“ಅಂಜಿಕಿ ಬರಂಗಿಲ್ಲೇನು?”

“ಬರ್ತದ್ರಿ. ಹತ್ತೂ ಮುಂದ ಎಲ್ಲಾ ಮುಟ್ಟಿ ಮುಟ್ಟಿ ನೋಡ್ತೇನ್ರಿ. ಆದ್ರ ಇಂಜಿನ್ ಒಳಗಿಂದು ನಮಗ ಕಾಣಂಗಿಲ್ಲ. ಹಾಕಿದವರ ಮ್ಯಾಲೆ ಭಾರ ಹಾಕೇ ಹತ್ತಬೇಕ್ರಿ.”

ಅವ್ವ ಆಕೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ಕೇಳಿದಳು: “ಅಮಾಸಿ ದಿನ ಅಕಿ ನಿಂಬರ್ಗಾದಾಗ ನಮ್ಮ ಮ್ಯಾಲಿಂದ ಹೋದ್ಳು. ನಾವು ಎಲ್ಲಾರೂ ಕೈ ಮಾಡಿದ್ವಿ. ನಾವು ಅಕಿಗೆ ಕಂಡಿರ್ತೀವೇನು?”

ಅಶ್ವಿನಿ ಕೈಯಲ್ಲಿನ ತುತ್ತು ಹಾಗೆಯೇ ಹಿಡಿದು ನನ್ನ ಕಡೆ ನೋಡಿದಳು. ಅಷ್ಟು ಎತ್ತರದಿಂದ ಹೊಲಗಳು ಕಾಣುತ್ತವೆ, ರಸ್ತೆ ಕಾಣುತ್ತದೆ, ಹಳ್ಳ ಕಾಣುತ್ತದೆ. ಮನುಷ್ಯರು ಕಾಣುವುದಿಲ್ಲ. ಇದನ್ನು ಸವಿಯೇ ನನಗೆ ಒಮ್ಮೆ ಹೇಳಿದ್ದಳು, ಅವ್ವನಿಗೆ ಹೇಳಬೇಡ ಎಂದೂ ಹೇಳಿದ್ದಳು. ಅಪ್ಪನಿಗೂ ಅದು ಗೊತ್ತಿತ್ತು.

“ಕಂಡಿರ್ತೀರ್ರಿ ಅಮ್ಮಾ” ಎಂದಳು ಅಶ್ವಿನಿ.

“ಖರೇನ?”

“ಖರೇನ್ರಿ.”

ಅವ್ವ ಅಪ್ಪನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವನ ಮುಖ ನೋಡಿ ಮಾತಾಡಿದಳು. “ಕೇಳಿದ್ರಿಲ್ಲ? ಅಕಿ ನಮ್ಮನ್ನ ನೋಡ್ಯಾಳ.”

ಅಪ್ಪ ತಾಟಿನಿಂದ ಕತ್ತೆತ್ತಿದ.

“ನೋಡ್ಯಾಳ” ಎಂದ. “ನಾ ಟವೆಲ್ ಬೀಸಿದ್ದನೂ ನೋಡ್ಯಾಳ.”

ಅವ್ವ ಒಂದು ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿದಳು. ಇನ್ನೊಂದನ್ನು ತನ್ನ ತಾಟಿಗೆ ಹಾಕಿಕೊಂಡು ಉಣ್ಣಲು ಕೂತಳು.